ಔಷಧಿಗೆ ಮೊದಲು ನೀರು ನೋಡಿ

ಮೀನಿಗೆ ಹುಷಾರಿಲ್ಲ ಅನ್ನಿಸಿದ ತಕ್ಷಣ ಎಲ್ಲರ ಕೈ ಹೋಗುವುದು ನೀಲಿ ಔಷಧಿಯ ಬಾಟಲಿಗೆ. ಮೆಥಿಲೀನ್ ಬ್ಲೂ. ಅದು ಕೆಟ್ಟದ್ದೇನಲ್ಲ. ಮೈಮೇಲೆ ಫಂಗಸ್ ಬಂದಾಗ, ಮೊಟ್ಟೆಗಳಿಗೆ ಬೂಸ್ಟು ಹಿಡಿಯದಿರಲಿ ಅಂತ ನಾನೂ ಹಾಕುತ್ತೇನೆ. ಆದರೆ ಹಾಕುವುದು ಬೇರೆ ಬಕೆಟ್‌ನಲ್ಲಿ. ಟ್ಯಾಂಕಿಗೇ ಸುರಿದರೆ ಫಿಲ್ಟರ್‌ನಲ್ಲಿ ಬೆಳೆದ ಒಳ್ಳೆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಮೀನಿನ ಕಿವಿರಿನಿಂದ ಹೊರಬರುವ ಅಮೋನಿಯಾ ಅನ್ನುವ ವಿಷವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವವು ಅವೇ. ಅವು ಹೋದರೆ ರೋಗದಿಂದ ಉಳಿದ ಮೀನು ನೀರಿನಿಂದ ಸಾಯುತ್ತದೆ.

ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ. ಇಲ್ಲಿ ನಲ್ಲಿ ತಿರುಗಿಸಿದರೆ ಯಾವ ನೀರು ಬರುತ್ತದೆ ಅಂತ ಹೇಳುವುದೇ ಕಷ್ಟ. ಒಂದು ದಿನ ಕಾವೇರಿ, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರು ಗಡಸು, ಎಷ್ಟೋ ಕಡೆ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಳತೆ) ಕೂಡ ಜಾಸ್ತಿ. ಪಿಎಚ್ ಏರಿದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. 2024ರ ಬೇಸಿಗೆಯಲ್ಲಿ ಊರಿಗೆಲ್ಲ ನೀರಿನ ಬರ ಬಂದಾಗ ಟ್ಯಾಂಕರ್ ನೀರನ್ನು ಟೆಸ್ಟ್ ಮಾಡದೆ ನಾನು ಮೀನಿಗೆ ಹಾಕುತ್ತಲೇ ಇರಲಿಲ್ಲ.

ಮೇಲಿನ ಮನೆಯ ಹುಡುಗ ಒಂದು ಸಂಜೆ ಓಡಿ ಬಂದ. "ಆಂಟಿ, ನಮ್ಮ ಗೋಲ್ಡ್‌ಫಿಶ್ ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಯಾವ ಔಷಧಿ ಹಾಕ್ಲಿ?" ಹೋಗಿ ನೋಡಿದೆ. ಮೈಮೇಲೆ ಚುಕ್ಕೆ ಇಲ್ಲ, ಗಾಯ ಇಲ್ಲ. ಎಲ್ಲ ಮೀನುಗಳೂ ಒಂದೇ ಹೊತ್ತಿಗೆ ನೀರಿನ ಮೇಲ್ಗಡೆ ತೇಕುತ್ತಿದ್ದವು. ಕಿವಿರಿನ ಮುಚ್ಚಳ ಪಟಪಟ ಬಡಿಯುತ್ತಿತ್ತು. ರೋಗವಾದರೆ ಸಾಮಾನ್ಯವಾಗಿ ಒಂದರಿಂದ ಶುರುವಾಗಿ ಇನ್ನೊಂದಕ್ಕೆ ಹರಡುತ್ತದೆ. ಎಲ್ಲಕ್ಕೂ ಒಟ್ಟಿಗೆ ಆಯಿತು ಅಂದರೆ ಮೊದಲು ನೀರನ್ನೇ ಅನುಮಾನಿಸಬೇಕು. "ನೀರು ಬದಲಾಯಿಸಿದ್ಯಾ?" ಅಂದೆ. ಮಧ್ಯಾಹ್ನ ಅರ್ಧ ನೀರು ಬದಲಾಯಿಸಿದ್ದ. ಹಿಂದಿನ ದಿನ ಸಂಪ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದರು. ಕ್ಲೋರಿನ್ ಕಿವಿರನ್ನು ಸುಡುತ್ತದೆ. ಪೂರ್ತಿ ಟ್ಯಾಂಕಿನ ಲೆಕ್ಕಕ್ಕೆ ಆ್ಯಂಟಿ ಕ್ಲೋರಿನ್ ಹಾಕಿದೆವು, ಏರ್ ಪಂಪ್ ಜೋರು ಮಾಡಿದೆವು, ಊಟ ನಿಲ್ಲಿಸಿದೆವು. ರಾತ್ರಿ ಹೊತ್ತಿಗೆ ಮೀನುಗಳು ಕೆಳಗಿಳಿದವು. ಬೇರೆ ಯಾವ ಔಷಧಿಯೂ ಬೇಕಾಗಲಿಲ್ಲ.

ನಾನು ದಿನಾ ಊಟ ಹಾಕುವ ಮೊದಲು ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡುತ್ತೇನೆ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡಿದೆಯಾ? ಮೂಲೆ ಹಿಡಿದು ಕೂತಿದೆಯಾ? ಬಣ್ಣ ಕಳೆಗುಂದಿದೆಯಾ? ಕಲ್ಲಿಗೆ ಮೈ ಉಜ್ಜುತ್ತಿದೆಯಾ? ಊಟ ಬಿದ್ದ ಮೇಲೆ ಎಲ್ಲವೂ ಮುನ್ನುಗ್ಗುತ್ತವೆ, ಆಗ ಏನೂ ಗೊತ್ತಾಗುವುದಿಲ್ಲ.

ಉಜ್ಜುವುದು ಕಂಡರೆ ನನಗೆ ಮೊದಲು ನೆನಪಾಗುವುದು ವೈಟ್ ಸ್ಪಾಟ್ ಅನ್ನುವ ಕಾಯಿಲೆ. ಬೆಂಗಳೂರಿನ ಡಿಸೆಂಬರ್ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ, ಹೀಟರ್ ಇಲ್ಲದ ಟ್ಯಾಂಕೂ ತಣ್ಣಗಾಗುತ್ತದೆ. ಅಂಥ ಸಮಯದಲ್ಲೇ ನಮ್ಮ ಮಾಲಿ ಮೀನುಗಳಿಗೆ ಬಂದಿತ್ತು. ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಇದಕ್ಕೆ ಕಾರಣ ಇಕ್ತಿಯೋಫ್ತಿರಿಯಸ್ ಅನ್ನುವ ಏಕಕೋಶ ಜೀವಿ. ಅದು ಮೀನಿನ ಚರ್ಮದ ಒಳಗೆ ಕೂತು ತಿನ್ನುತ್ತದೆ, ಅಲ್ಲಿಗೆ ಔಷಧಿ ತಲುಪುವುದಿಲ್ಲ. ಬಲಿತ ಮೇಲೆ ಕಳಚಿ ತಳಕ್ಕೆ ಬಿದ್ದು, ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಹೊಸ ಮೀನನ್ನು ಹುಡುಕುತ್ತಾ ಈಜುವಾಗ ಮಾತ್ರ ಔಷಧಿಗೆ ಸಿಗುತ್ತವೆ. ಹಾಗಾಗಿ ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸಲೇಬಾರದು. ಚುಕ್ಕೆ ಉದುರಿತು ಅಂದರೆ ಮುಂದಿನ ಪೀಳಿಗೆ ತಳದಲ್ಲಿ ತಯಾರಾಗುತ್ತಿದೆ ಅಂತ.

ನಾನು ನೀರಿನ ಬಿಸಿಯನ್ನು ನಿಧಾನವಾಗಿ 29-30 ಡಿಗ್ರಿಗೆ ಏರಿಸಿದೆ. ಬಿಸಿಗೆ ಅದರ ಜೀವನಚಕ್ರ ಬೇಗ ಮುಗಿಯುತ್ತದೆ. ಬಿಸಿ ನೀರಿನಲ್ಲಿ ಆಕ್ಸಿಜನ್ ಕಡಿಮೆ, ಅದಕ್ಕೆ ಏರ್ ಪಂಪ್ ಹಗಲೂ ರಾತ್ರಿ ಓಡುತ್ತಿತ್ತು. ಲೀಟರಿಗೆ 2 ಗ್ರಾಂ ಕಲ್ಲುಪ್ಪನ್ನು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿದೆ. ಮಾಲಿ, ಗಪ್ಪಿ ಉಪ್ಪನ್ನು ಚೆನ್ನಾಗಿ ತಡೆಯುತ್ತವೆ. ಕೋರಿಡೋರಸ್, ಲೋಚ್ ಜಾತಿಯ ಮೀನುಗಳಿದ್ದರೆ ಹುಷಾರು, ಗಿಡಗಳೂ ಬಾಡುತ್ತವೆ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಟಾಪ್‌ಅಪ್ ಮಾಡುವಾಗ ಮತ್ತೆ ಉಪ್ಪು ಹಾಕಬೇಡಿ. ಬದಲಾಯಿಸಿದ ನೀರಿಗೆ ಮಾತ್ರ ಹಾಕಿ. ಕೊನೆ ಚುಕ್ಕೆ ಹೋದ ಮೇಲೂ ಒಂದು ವಾರ ಇದನ್ನೇ ಮುಂದುವರಿಸಿದೆ.

ಇನ್ನು ಹೊಟ್ಟೆ ಊದಿ, ಮೈಮೇಲಿನ ಪೊರೆಗಳು (ಸ್ಕೇಲ್) ನಿಗುರಿ ನಿಂತರೆ ಅದು ಡ್ರಾಪ್ಸಿ. ಅಷ್ಟು ಹೊತ್ತಿಗೆ ಎಷ್ಟೋ ಸಲ ಕಿಡ್ನಿ ಹೋಗಿರುತ್ತದೆ, ಉಳಿಯುವುದು ಬಹಳ ಅಪರೂಪ. ಮನೆಯಲ್ಲಿ ಮಿಕ್ಕ ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಕ್ಯಾಪ್ಸೂಲನ್ನು ಒಡೆದು ಟ್ಯಾಂಕಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನನ್ನನ್ನು ಕೇಳುವವರು ಮೀನಿನ ಫೋಟೋ ಜೊತೆ ಇಷ್ಟನ್ನೂ ತಿಳಿಸಿ: ಟ್ಯಾಂಕು ಎಷ್ಟು ಲೀಟರ್, ಶುರು ಮಾಡಿ ಎಷ್ಟು ದಿನ ಆಯಿತು, ಕೊನೆಯ ಸಲ ನೀರು ಬದಲಾಯಿಸಿದ್ದು ಯಾವಾಗ, ಅದು ಯಾವ ನೀರು, ಹೊಸ ಮೀನು ತಂದಿರಾ. ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ಟೆಸ್ಟ್ ಮಾಡಿ ಕಳಿಸಿದರಂತೂ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ನೀಲಿ ಬಾಟಲಿ ಶೆಲ್ಫಿನಲ್ಲೇ ಇರಲಿ.