ಎಳೆದುಕೊಂಡು ಹೋದ ಕಾರಿನ ಬ್ಯಾಟರಿ ಇಳಿದದ್ದು

ಜೂನ್ ತಿಂಗಳಲ್ಲಿ ಬೆಳಿಗ್ಗೆ ಆರೂವರೆಗೆ ಫೋನ್ ಬಂತೆಂದರೆ ಯಾರದೋ ಗಾಡಿ ಸೆಲ್ಫ್ ತೆಗೆಯುತ್ತಿಲ್ಲ ಎಂದೇ ಅರ್ಥ. ಮಳೆ ಹಿಡಿದ ಮೇಲೆ ಸಂತೆಕಟ್ಟೆಯ ನನ್ನ ಆಟೋ ಇಲೆಕ್ಟ್ರಿಕ್ ಅಂಗಡಿಯಲ್ಲಿ ಅರ್ಧಕ್ಕರ್ಧ ಕೆಲಸ ಬ್ಯಾಟರಿಯದ್ದು. ಆ ದಿನದ ಗಾಡಿ ಮಾತ್ರ ಕಲ್ಯಾಣಪುರದ್ದೂ ಅಲ್ಲ, ಮಲ್ಪೆಯದ್ದೂ ಅಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಅಮರಿಲೊ ಅಂತ ಒಂದು ಊರುಂಟಂತೆ, ಅಲ್ಲಿಯದ್ದು. ಫೋನ್ ಮಾಡಿದವ ಅಕ್ಕನ ಮಗ. ಅವನಿಗೆ ಆಗ ಹಿಂದಿನ ದಿನದ ರಾತ್ರಿ ಎಂಟು ಗಂಟೆ.

"ಮಾಮ, ಇಡೀ ದಿನ ಓಡಿದ ಕಾರಿನ ಬ್ಯಾಟರಿ ಡೌನ್ ಆಗುವುದು ಹೇಗೆ?"

(ಮಾತೆಲ್ಲ ತುಳುವಿನಲ್ಲಿ ಆದದ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಓಡಿದ್ದು ಕಾರಲ್ಲ ಅಂತ ಗೊತ್ತಾಗಲಿಕ್ಕೆ ನನಗೆ ಹತ್ತು ನಿಮಿಷ ಬೇಕಾಯಿತು. ಅವನು ಮನೆಯವರನ್ನೆಲ್ಲ ಕರೆದುಕೊಂಡು ಮೋಟಾರ್‌ಹೋಮಿನಲ್ಲಿ ಡಲ್ಲಾಸ್‌ನಿಂದ ಕೊಲರಾಡೊ ಕಡೆ ಹೊರಟಿದ್ದ. ಮೋಟಾರ್‌ಹೋಮ್ ಅಂದರೆ ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇರುವ ಬಸ್ಸು. ಆ ಬಸ್ಸನ್ನು ಪೇಟೆಯ ಗಲ್ಲಿಯಲ್ಲಿ ತಿರುಗಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಹಿಂದೆ ಒಂದು ಸಣ್ಣ ಕಾರನ್ನು ಕಬ್ಬಿಣದ ಸರಳಿನಲ್ಲಿ ಸಿಕ್ಕಿಸಿ, ನಾಲ್ಕೂ ಚಕ್ರ ನೆಲದ ಮೇಲೆಯೇ ಉರುಳುವ ಹಾಗೆ ಎಳೆದುಕೊಂಡು ಹೋಗುತ್ತಾರೆ. ಎಲ್ಲ ಕಾರನ್ನೂ ಹೀಗೆ ಎಳೆಯುವಂತಿಲ್ಲ, ಗೇರ್‌ಬಾಕ್ಸ್ ಹಾಳಾಗುತ್ತದೆ. ಎಳೆಯಬಹುದು ಅಂತ ಮ್ಯಾನುಯಲ್‌ನಲ್ಲಿ ಬರೆದಿರಬೇಕು. ನಮ್ಮಲ್ಲಿ ಹಗ್ಗ ಕಟ್ಟಿ ಬ್ರಹ್ಮಾವರದಿಂದ ಉಡುಪಿಗೆ ಎಳೆದು ತಂದರೆ ಅದೇ ದೊಡ್ಡ ಸಾಹಸ. ಇವನು ಒಂದೇ ದಿನ 580 ಕಿಲೋಮೀಟರ್ ಎಳೆದಿದ್ದ.

ಚಕ್ರ ತಿರುಗುತ್ತಾ ಇತ್ತಲ್ಲ, ಚಾರ್ಜ್ ಆಗಬೇಕಲ್ಲ ಎಂಬುದು ಅವನ ವಾದ. ಇಂಜಿನಿಯರಿಂಗ್ ಓದಿದವ ಮಾರಾಯ್ರೆ! ಡೈನಮೋ ತಿರುಗುವುದು ಇಂಜಿನ್ನಿನ ಬೆಲ್ಟಿನಿಂದ. ಗೇರ್ ನ್ಯೂಟ್ರಲ್‌ನಲ್ಲಿ, ಇಂಜಿನ್ ಬಂದ್. ಚಕ್ರ ಸಾವಿರ ಮೈಲು ಉರುಳಿದರೂ ಬ್ಯಾಟರಿಗೆ ಒಂದು ತೊಟ್ಟು ಬರುವುದಿಲ್ಲ. ಬರುವುದಿಲ್ಲ ಮಾತ್ರವಲ್ಲ, ಹೋಗುತ್ತಲೂ ಇರುತ್ತದೆ. ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗುತ್ತದೆ, ತಿರುವಿನಲ್ಲಿ ಟಯರು ಉಜ್ಜಿ ಹೋಗುತ್ತದೆ. ಆದ್ದರಿಂದ ಅವನ ಕಾರಿನಲ್ಲಿ ಕೀಯನ್ನು ಒಂದನೇ ಪಾಯಿಂಟಿಗೆ ತಿರುಗಿಸಿಯೇ ಇಡಬೇಕು. ಕೀ ಒಂದರಲ್ಲಿ ಉಂಟು ಅಂದರೆ ರೇಡಿಯೋ, ಸ್ಕ್ರೀನು, ಸಾಕೆಟ್ಟು ಎಲ್ಲ ಎಚ್ಚರ.

ಆ ರಾತ್ರಿ ಪಕ್ಕದ ಗಾಡಿಯವರೊಬ್ಬರು ತಮ್ಮ ಬ್ಯಾಟರಿಯಿಂದ ವಯರ್ ಹಾಕಿ ಜಂಪ್ ಕೊಟ್ಟು, ಚಾರ್ಜರನ್ನೂ ಕೊಟ್ಟರಂತೆ. ಒಳ್ಳೆಯ ಜನ. ಜೊತೆಗೆ ಉಪದೇಶವೂ ಸಿಕ್ಕಿತು: ಬಸ್ಸಿನಿಂದ ಕಾರಿನ ಬ್ಯಾಟರಿಗೆ ಒಂದು ಚಾರ್ಜಿಂಗ್ ವಯರ್ ಎಳೆದುಬಿಡು, ತಲೆನೋವೇ ಇಲ್ಲ. ತಪ್ಪು ಉಪದೇಶ ಅಲ್ಲ. ಆದರೆ ಕೊಡಪಾನ ಎಲ್ಲಿ ತೂತಾಗಿದೆ ಅಂತ ನೋಡದೆ ನೀರು ಹೊಯ್ಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕರೆಂಟು ಅಳೆಯುವ ಒಂದು ಮಲ್ಟಿಮೀಟರ್ ತೆಗೆದುಕೋ ಅಂದೆ. ನಮ್ಮದು ಅಳಿಯಸಂತಾನದ ಕುಟುಂಬ, ಹಳೆಯ ಕಾಲವಾದರೆ ನನ್ನದೆಲ್ಲ ಅವನಿಗೇ ಬರಬೇಕಿತ್ತು. ಬರಲಿಕ್ಕೆ ಇರುವುದು ಈ ಮೀಟರಿನ ವಿದ್ಯೆ ಒಂದೇ!

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೀಟರಿನ ವಯರನ್ನು 10 ಆಂಪಿಯರ್ ತೂತಿಗೆ ಹಾಕಿ, ಟರ್ಮಿನಲ್ಲಿಗೂ ಬಿಚ್ಚಿದ ಕೇಬಲ್ಲಿಗೂ ನಡುವೆ ಹಿಡಿಯಬೇಕು. ಮೀಟರ್ ಹಾಗೆ ಇರುವಾಗ ಅಪ್ಪಿತಪ್ಪಿ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಕೀ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ 30 ಮಿಲಿ ಆಂಪಿಯರ್. ಅದು ಸರಿ, 50ರ ಒಳಗಿದ್ದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಕೀ ಒಂದಕ್ಕೆ ತಿರುಗಿಸಿದರೆ ಒಂದೂವರೆ ಆಂಪಿಯರ್. ಏಳು ಗಂಟೆಯ ದಾರಿಗೆ ಲೆಕ್ಕ ಹಾಕಿ, ಹತ್ತೂವರೆ ಆಂಪಿಯರ್ ಅವರ್ ಆಯಿತು. ಕಾರಿನದ್ದು 45 ಆಂಪಿಯರ್ ಅವರಿನ ಬ್ಯಾಟರಿ, ಅಷ್ಟಕ್ಕೆ ಮಲಗಬಾರದು. ಬೇರೆ ಯಾವುದೋ ತಿನ್ನುತ್ತಾ ಉಂಟು.

ನಾಳೆ ಹೊರಡುವ ಮೊದಲು ಎಲ್ಲ ಸಿಕ್ಕಿಸಿ, ಕಾರಿನ ಹಿಂದೆ ನಿಂತು ಒಂದು ಫೋಟೋ ಹಾಕು ಅಂದೆ.

ಸಂಜೆ ಆರೂವರೆಗೆ, ಅಂದರೆ ಅವನ ಬೆಳಿಗ್ಗೆ ಎಂಟಕ್ಕೆ, ಫೋಟೋ ಬಂತು. ನಾನು ಬನ್ಸ್ ತಿನ್ನುತ್ತಾ ಇದ್ದೆ. ಬಸ್ಸು ಆಫ್, ಬಸ್ಸಿನ ಬ್ರೇಕಿನ ಮೇಲೆ ಯಾರ ಕಾಲೂ ಇಲ್ಲ. ಕಾರಿನ ಹಿಂದಿನ ಗಾಜಿನ ಮೇಲೆ ಕೆಂಪು ಲೈಟು ಉರಿಯುತ್ತಾ ಉಂಟು.

ವಿಷಯ ಎಂತ ಅಂದರೆ, ಎಳೆಯುವ ಕಾರಿಗೂ ಬ್ರೇಕ್ ಬೀಳಬೇಕಲ್ಲ, ಅದಕ್ಕೆ ಡ್ರೈವರ್ ಸೀಟಿನ ಮುಂದೆ ಒಂದು ಪೆಟ್ಟಿಗೆ ಇಡುತ್ತಾರೆ. ಬಸ್ಸು ನಿಧಾನವಾದರೆ ಅದರ ಕೈ ಕಾರಿನ ಪೆಡಲ್ ಒತ್ತುತ್ತದೆ. ಇವನು ಸೀಟನ್ನು ಜಾಸ್ತಿ ಮುಂದೆ ತಳ್ಳಿ ಪೆಟ್ಟಿಗೆಯನ್ನು ಬಿಗಿ ಮಾಡಿದ್ದ. ಪೆಡಲ್ ಒಂದು ಕೂದಲೆಳೆ ಕೆಳಗೆ ಹೋಗಿದೆ. ಬ್ರೇಕ್ ಹಿಡಿಯಲಿಕ್ಕೆ ಅಷ್ಟು ಸಾಲದು, ಬ್ರೇಕ್ ಲೈಟಿನ ಸ್ವಿಚ್ಚಿಗೆ ಅಷ್ಟೇ ಸಾಕು. 21 ವ್ಯಾಟಿನ ಮೂರು ಬಲ್ಬು, ಐದು ಆಂಪಿಯರಿಗೆ ಹತ್ತಿರ, ಅದೂ ಕಾರಿನದೇ ಬ್ಯಾಟರಿಯಿಂದ. ಏಳು ಗಂಟೆಗೆ 35. ಹಿಂದಿನ ಹತ್ತೂವರೆ ಸೇರಿಸಿ. 45ರ ಕಥೆ ಮುಗಿಯಿತು. ನಾವು ಮೀಟರ್ ಹಿಡಿಯುವಾಗ ಪೆಟ್ಟಿಗೆ ಹೊರಗಿತ್ತು, ಅದಕ್ಕೇ ಸಿಕ್ಕಿರಲಿಲ್ಲ. ಚಕ್ರ ಬಿಸಿಯಾಗಿತ್ತಾ ಅಂತ ಕೇಳಿದೆ. ಇಲ್ಲ ಅಂದ. ಇನ್ನೊಂದು ಚೂರು ಬಿಗಿಯಾಗಿದ್ದರೆ ಬ್ಯಾಟರಿ ಬಿಡಿ, ಬ್ರೇಕ್ ಪ್ಯಾಡೇ ಸುಟ್ಟುಹೋಗುತ್ತಿತ್ತು.

ನನಗೆ ಇದು ಹೊಳೆದದ್ದು ದೊಡ್ಡ ಬುದ್ಧಿಯಿಂದ ಅಲ್ಲ. ಹೋದ ವರ್ಷ ಇಲ್ಲಿಯೇ ಒಬ್ಬ ಡಾಕ್ಟರರ ಕಾರು ದಿನಾ ಬೆಳಿಗ್ಗೆ ಡೌನ್ ಆಗುತ್ತಿತ್ತು. ಎರಡು ಬ್ಯಾಟರಿ ಹೊಸತು ಹಾಕಿಸಿದ್ದರು. ನೋಡಿದರೆ ಪೆಡಲಿನ ಮೇಲೆ, ಸ್ವಿಚ್ ಒತ್ತುವ ಜಾಗದಲ್ಲಿ ಇರುವ ಪ್ಲಾಸ್ಟಿಕ್ ಬುಶ್ ಪುಡಿಯಾಗಿ ಉದುರಿತ್ತು. ಪೋರ್ಚಿನಲ್ಲಿ ಕಾರಿನ ಹಿಂಭಾಗ ಗೋಡೆಯ ಕಡೆಗೆ. ರಾತ್ರಿಯಿಡೀ ಲೈಟ್ ಉರಿದದ್ದು ಗೋಡೆಗೆ ಮಾತ್ರ ಗೊತ್ತು.

ಲೈಟಿನದ್ದು ಸರಿಮಾಡಿದ ಮೇಲೂ ಒಂದೂವರೆ ಆಂಪಿಯರ್ ಹೋಗುತ್ತದಲ್ಲ, ಪೆಟ್ಟಿಗೆಯದ್ದು ಬೇರೆ. ಮ್ಯಾನುಯಲ್ ನೋಡಿ ರೇಡಿಯೋದ ಫ್ಯೂಸ್ ತೆಗೆಸಿದೆ. ಉತ್ಸಾಹದಲ್ಲಿ ಅವನು ಸಾಕೆಟ್ಟಿನ ಫ್ಯೂಸಿಗೂ ಕೈ ಹಾಕಿದ್ದ. ಅದನ್ನು ಮುಟ್ಟಬೇಡ ಮಾರಾಯ, ಬ್ರೇಕ್ ಪೆಟ್ಟಿಗೆಗೆ ಅನ್ನ ಹೋಗುವುದೇ ಅಲ್ಲಿಂದ! ಕಾರನ್ನು ತಿಂಗಳುಗಟ್ಟಲೆ ಮನೆಯಲ್ಲಿ ಬಿಟ್ಟು ಗಲ್ಫಿಗೆ ಹೋಗುವವರಿಗೆ ನಾನು ಹೇಳುವ ಹಾಗೆ ನೆಗೆಟಿವ್ ಬಿಚ್ಚಿಡು ಅಂತಲೂ ಇಲ್ಲಿ ಹೇಳುವಂತಿಲ್ಲ. ಕೆಲವು ಕಾರಿಗೆ ಹಾಗೆ ಮಾಡಿ ಅಂತ ಕಂಪನಿಯೇ ಬರೆದಿರುತ್ತದೆ, ಕೆಲವಕ್ಕೆ ಮಾಡಿದರೆ ಕೆಟ್ಟಿತು.

ಆಮೇಲೆ ಚಾರ್ಜಿಂಗ್ ವಯರೂ ಆಯಿತು. ಬಸ್ಸಿನ ಏಳು ಪಿನ್ನಿನ ಸಾಕೆಟ್ಟಿನಲ್ಲಿ ಬ್ಯಾಟರಿಯ ಪಾಸಿಟಿವ್ ಒಂದು ಪಿನ್ನಿಗೆ ಬರುತ್ತದೆ, ಅಲ್ಲಿಂದ ಕಾರಿಗೆ ಎಳೆದದ್ದು. ದಪ್ಪ ವಯರ್, ಎರಡೂ ತುದಿಯಲ್ಲಿ 15 ಆಂಪಿಯರಿನ ಬ್ರೇಕರ್, ಕರೆಂಟು ಜಾಸ್ತಿಯಾದರೆ ತಾನೇ ಕಡಿದುಬಿಡುವಂಥದ್ದು. ಒಂದೇ ತುದಿಗೆ ಸಾಕಲ್ಲವಾ ಅಂತ ಕೇಳಿದ. ವಯರಿನ ಎರಡು ತುದಿಯಲ್ಲೂ ಬ್ಯಾಟರಿ ಉಂಟು, ನಡುವೆ ಎಲ್ಲಿ ಉಜ್ಜಿ ಶಾರ್ಟ್ ಆದರೂ ಎರಡು ಕಡೆಯಿಂದ ಬೆಂಕಿ.

ಮೊನ್ನೆ ಕೊಲರಾಡೊದಿಂದ ಫೋಟೋ ಬಂದಿದೆ. ಇಡೀ ದಿನ ಎಳೆದ ಮೇಲೂ ಮೀಟರಿನಲ್ಲಿ 12.5 ವೋಲ್ಟ್, ಅಂದರೆ ಬ್ಯಾಟರಿ ಚೆನ್ನಾಗಿಯೇ ಉಂಟು. ಹಿಂದೆ ಗುಡ್ಡದ ತುದಿಯಲ್ಲಿ ಹಿಮ ಉಂಟು, ಎಷ್ಟು ಚಂದ ನೋಡು ಅಂತ ಅಕ್ಕ ತೋರಿಸಿದ ಮೇಲೆ ನನಗೆ ಕಂಡಿತು.