ಎರಡು ಗೆರೆ ಕೂಡದ ಮೂಲೆ

ನೀರ್ಚಾಲಿನ ಹತ್ತಿರ ಗುಡ್ಡದ ಓರೆಯಲ್ಲಿ ನಿವೃತ್ತ ಮಾಷ್ಟ್ರೊಬ್ಬರು ಮನೆ ಕಟ್ಟಿಸಲು ಹೊರಟಿದ್ದರು. ಪಂಚಾಯತಿಗೆ ಕೊಡುವ ಸೈಟ್ ಪ್ಲಾನ್ ಬರೆಯುವ ಕೆಲಸ ಬದಿಯಡ್ಕದಲ್ಲಿರುವ ನನ್ನ ಪಾಲಿಗೆ ಬಂತು. ದೂರ, ಕೋನ, ಎತ್ತರ ಮೂರನ್ನೂ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಇಟ್ಟು ಅಳೆದ ಸರ್ವೆಯ ಕಡತ ಆಟೋಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶದಲ್ಲಿ, ಸಿದ್ಧವಿತ್ತು. ಮಧ್ಯಾಹ್ನದ ಊಟದೊಳಗೆ ಮುಗಿಸಬಹುದು ಎಂದು ಕುಳಿತೆ.

ತೋಟದ ಅಗಳಿನ ಗೆರೆ ಗಡಿಗೆರೆಯನ್ನು ಹಾಯುವ ಜಾಗದಲ್ಲಿ ಕೆಲಸ ನಿಂತಿತು. ಕರ್ಸರ್ ಹತ್ತಿರ ಒಯ್ದರೆ ಛೇದನ ಬಿಂದುವಿನಲ್ಲಿ ಮೂಡಬೇಕಾದ ಹಸಿರು ಗುಣಾಕಾರದ ಗುರುತು ಮೂಡಲೇ ಇಲ್ಲ. ಕಣ್ಣಿಗೆ ಎರಡೂ ಗೆರೆ ಸ್ಪಷ್ಟವಾಗಿ ಕತ್ತರಿಸುತ್ತಿದ್ದವು. ಸುತ್ತಲಿನ ಗೆರೆಗಳಿಂದ ಆವರಣ ಕಟ್ಟುವ ಬೌಂಡರಿ ಆಜ್ಞೆ ಕೊಟ್ಟರೂ ಮುಚ್ಚಿದ ಆವರಣ ಸಿಗಲಿಲ್ಲ.

ಕರ್ಸರನ್ನು ಗೆರೆಯ ತುದಿ, ಛೇದನದಂಥ ನಿಖರ ಬಿಂದುಗಳಿಗೆ ಹಿಡಿದು ನಿಲ್ಲಿಸುವ ಸ್ನ್ಯಾಪನ್ನೇ ಮೊದಲು ಶಂಕಿಸಿದೆ. ಎಫ್3 ಒತ್ತಿ ಆರಿಸಿ, ಮತ್ತೆ ಹಚ್ಚಿ ನೋಡಿದೆ. ಹಿಂದೊಮ್ಮೆ ಆಟೋಕ್ಯಾಡ್‌ನೊಳಗೆ ಓಡುವ ಲಿಸ್ಪ್ ಕಿರುಪ್ರೋಗ್ರಾಮೊಂದನ್ನು ನಡುವೆ ಎಸ್ಕೇಪ್ ಒತ್ತಿ ನಿಲ್ಲಿಸಿದ್ದಕ್ಕೆ, ಯಾವ ಯಾವ ಸ್ನ್ಯಾಪ್ ಚಾಲೂ ಇದೆ ಎಂದು ಹೇಳುವ ಓಎಸ್‌ಮೋಡ್ ಎಂಬ ಸಂಖ್ಯೆ ಸೊನ್ನೆಯಾಗಿಯೇ ಉಳಿದು ಅರ್ಧ ದಿನ ಕಾಡಿತ್ತು. ಈ ಸಲ ಅದು 167 ಎಂದಿತು. ಅಂದರೆ 1, 2, 4, 32, 128 ಇವುಗಳ ಮೊತ್ತ; ಕ್ರಮವಾಗಿ ತುದಿ, ಮಧ್ಯ, ಕೇಂದ್ರ, ಛೇದನ, ಲಂಬ. ಛೇದನದ 32 ಅದರಲ್ಲಿ ಸೇರಿಯೇ ಇತ್ತು.

ಆಗ ಮಾಷ್ಟ್ರು ಕೊಟ್ಟಿದ್ದ ಚೀಟಿ ನೆನಪಾಯಿತು. ಪೂರ್ವದ ಗಡಿಯನ್ನು ಅಳಿಯನ ಜೊತೆ ಟೇಪು ಹಿಡಿದು ಅಳೆದು, 18.35 ಮೀಟರ್ ಎಂದು ನೀಲಿ ಶಾಯಿಯಲ್ಲಿ ಬರೆದಿದ್ದರು. ನನ್ನ ನಕ್ಷೆಯಲ್ಲಿ ಅದೇ ಬದಿ 18.20 ಎಂದಿತ್ತು. ದೂರ ಅಳೆಯುವ ಡಿಸ್ಟ್ ಆಜ್ಞೆಯಿಂದ ಎರಡು ಸರ್ವೆ ಕಲ್ಲುಗಳ ನಡುವೆ ಅಳೆದೆ: 18.36. ಅದರ ಕೆಳಗೆ ಡೆಲ್ಟಾ ಝಡ್, ಅಂದರೆ ಎತ್ತರದ ವ್ಯತ್ಯಾಸ, 2.40.

ಗೆರೆಗಳು ಒಂದೇ ಮಟ್ಟದಲ್ಲಿ ಇರಲಿಲ್ಲ. ಗಡಿಗೆರೆ ಕಲ್ಲಿನಿಂದ ಕಲ್ಲಿಗೆ ಇಳಿಜಾರಿನಲ್ಲಿ ಇಳಿದಿತ್ತು. ಅಗಳಿನ ಗೆರೆಗೆ ಅಗಳಿನ ತಳದಲ್ಲಿ ಕೋಲು ಊರಿ ಅಳೆದಿದ್ದರು. ಮೇಲಿನಿಂದ ನೋಡಿದರೆ ಕೂಡಿದಂತೆ ಕಾಣುವ ಆ ಬಿಂದುವಿನಲ್ಲಿ ಒಂದು ಗೆರೆ ಇನ್ನೊಂದಕ್ಕಿಂತ ಒಂದು ಮೀಟರಿಗೂ ಹೆಚ್ಚು ಕೆಳಗಿತ್ತು. ಕೂಡದ ಗೆರೆಗಳಿಗೆ ಛೇದನ ಬಿಂದು ಎಲ್ಲಿಂದ ಬರಬೇಕು? ನೋಟಕ್ಕೆ ಮಾತ್ರ ಕತ್ತರಿಸುವ ಬಿಂದುವನ್ನು ಹಿಡಿಯುವ ಅಪೆರೆಂಟ್ ಇಂಟರ್‌ಸೆಕ್ಷನ್ ಸ್ನ್ಯಾಪ್ ಹಚ್ಚಿದರೆ ಗುರುತು ಸಿಗುತ್ತದೆ ನಿಜ, ಆದರೆ ಗೆರೆಗಳ ಅಂತರ ಹಾಗೆಯೇ ಉಳಿಯುತ್ತದೆ. ಬೌಂಡರಿ ಬೇಕಾದವರಿಗೆ ಅದು ಸಾಲದು.

ಮೂಲ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡೆ. ಇದನ್ನು ಮಾಡದೆ ಯಾರೂ ಮುಂದೆ ಹೋಗಬಾರದು. ಆ ಎತ್ತರಗಳಿಗಾಗಿ ಸರ್ವೆಯವರು ಬಿಸಿಲಲ್ಲಿ ಗುಡ್ಡ ಹತ್ತಿಳಿದಿರುತ್ತಾರೆ. ಪ್ರತಿಯಲ್ಲಿ ಫ್ಲಾಟನ್ ಆಜ್ಞೆ ಕೊಟ್ಟು ಗೆರೆಗಳನ್ನೆಲ್ಲ ಸೊನ್ನೆ ಮಟ್ಟಕ್ಕೆ ಇಳಿಸಿದೆ. ಹೊಸ ಗೆರೆಗಳು ಮತ್ತೆ ಯಾವುದೋ ಎತ್ತರ ಹಿಡಿಯದಂತೆ ಓಸ್ನ್ಯಾಪ್‌ಝಡ್ ಎಂಬ ಸೆಟ್ಟಿಂಗನ್ನು 1 ಮಾಡಿದೆ. ಕರ್ಸರ್ ಆ ಮೂಲೆಗೆ ಒಯ್ದ ಕೂಡಲೇ ಹಸಿರು ಗುರುತು ಮೂಡಿತು.

ಮರುದಿನ ಬೆಳಿಗ್ಗೆ ಮಾಷ್ಟ್ರು ಬಂದರು. ನಕ್ಷೆಯ 18.20ರ ಮೇಲೆ ಬೆರಳಿಟ್ಟು, "ನಾವು ಅಳೆದದ್ದು ತಪ್ಪಾಯಿತೇ ಮಗಳೇ?" ಎಂದು ಕೇಳಿದರು.

"ತಪ್ಪಲ್ಲ ಮಾಷ್ಟ್ರೇ. ನೀವು ಇಳಿಜಾರಿನ ಮೇಲೆ ಟೇಪು ಹಾಸಿದ್ದೀರಿ. ಪ್ಲಾನಿಗೆ ಬೇಕಾದದ್ದು ಮಟ್ಟದ ಅಳತೆ" ಎಂದು 18.36ನ್ನು ಪರದೆಯಲ್ಲಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಹಾಗಾದರೆ ಕೆಳಗಿನ ಬದಿಯ ಅಡಿಪಾಯದ ಪಂಚಾಂಗಕ್ಕೆ ಮುರಕಲ್ಲು ಎಷ್ಟು ಸಾಲು ಹೆಚ್ಚು ಬೇಕಾದೀತು?"

ಎತ್ತರಗಳಿದ್ದ ಮೂಲ ಕಡತವನ್ನು ತೆರೆದೆ. ಇಬ್ಬರೂ ಕುಳಿತು ಲೆಕ್ಕ ಹಾಕತೊಡಗಿದೆವು.