ಮುಂಬೈನ ಬೊರಿವಲಿ ಕಾಡಿಗೆ ಹೋಗ್ತೀರಾ? ಗೇಟಲ್ಲೇ ನಿಲ್ಲಬೇಡಿ

ಮೊದಲು ಆಟೋ ವಿಷಯ ಹೇಳಿಬಿಡುತ್ತೇನೆ. ಬೊರಿವಲಿ ಸ್ಟೇಷನ್ನಿನ ಪೂರ್ವದ ಕಡೆ ಇಳಿದ ತಕ್ಷಣ ಒಬ್ಬ ಆಟೋದವನು ಕಾಡಿನೊಳಗಿನ ಕನ್ಹೇರಿ ಗುಹೆವರೆಗೂ ಬಿಡುತ್ತೇನೆ ಎಂದು ಮೀಟರ್ ಹಾಕದೆ 200 ರೂಪಾಯಿ ಮಾತಾಡಿದ. ಸ್ವಲ್ಪ ದೂರದಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನೆದುರು ನಿಲ್ಲಿಸಿ, "ಮುಂದೆ ಆಟೋ ಬಿಡಲ್ಲ, ಒಳಗೆ ಬಸ್ಸಿದೆ" ಅಂದ. ದುಡ್ಡು ಮಾತ್ರ ಪೂರ್ತಿ ಬೇಕಂತೆ! ನನ್ನ ಹಿಂದಿಯಲ್ಲಿ ಎಷ್ಟು ಜಗಳ ಆಡಲು ಸಾಧ್ಯವೋ ಅಷ್ಟು ಆಡಿ ನೂರಕ್ಕೆ ಇಳಿಸಿದೆ. ಅದೂ ಜಾಸ್ತಿಯೇ. ಗೇಟಿಗೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಆಟೋ ಬೇಕೇ ಬೇಕೆಂದರೆ ಮೀಟರ್ ಹಾಕಿಸಿ, "ನ್ಯಾಷನಲ್ ಪಾರ್ಕ್ ಗೇಟ್" ಅಂತಷ್ಟೇ ಹೇಳಿ.

ಗೇಟಿನ ಹತ್ತಿರದ ಭಾಗ ನನಗೆ ಹಿಡಿಸಲಿಲ್ಲ. ಸಫಾರಿ ಕ್ಯೂ, ಸೆಲ್ಫಿ, ಕೂಗಾಟ. ರಜಾ ದಿನ ಅದು ಜಾತ್ರೆಯೇ. ಚಿಕ್ಕ ಮಕ್ಕಳಿದ್ದರೆ ಸರಿ, ಇಲ್ಲದಿದ್ದರೆ ಸೀದಾ ಕನ್ಹೇರಿಗೆ ಹೋಗಿ. ಗೇಟಿನಿಂದ ಸುಮಾರು 6 ಕಿ.ಮೀ. ದಾರಿ, ಒಳಗಿನ ಬಸ್ಸಿದೆ. ವಾರದ ನಡುವೆ, ಬೆಳಿಗ್ಗೆ ಹೋದರೆ ಬಸ್ಸಿನ ಕ್ಯೂ ಚಿಕ್ಕದು. ಕಾಲುದಾರಿ ಕಂಡಿತೆಂದು ಸುಮ್ನೆ ಒಳಗೆ ನುಗ್ಗಬೇಡಿ. ಇಲ್ಲಿ ಚಿರತೆಗಳು ನಿಜಕ್ಕೂ ಇವೆ.

ಕನ್ಹೇರಿ ಅಂದರೆ ಒಂದು ಕಣಿವೆ. ನಡುವೆ ಹಳ್ಳ, ಎರಡೂ ಕಡೆ ಕಪ್ಪು ಬಂಡೆ. ಅದರಲ್ಲಿ ಬೌದ್ಧ ಭಿಕ್ಷುಗಳಿಗಾಗಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ಮುಕ್ಕಾಲು ಪಾಲು ಜನ 3ನೇ ಗುಹೆಯ ದೊಡ್ಡ ಬುದ್ಧನ ಎದುರು ಫೋಟೋ ತೆಗೆದುಕೊಂಡು ವಾಪಸ್. ನೀವು ಮೆಟ್ಟಿಲು ಹತ್ತಿ ಮೇಲೆ ಹೋಗಿ. ಮಳೆನೀರು ಹಿಡಿಯಲು ಬಂಡೆಯಲ್ಲೇ ಕಾಲುವೆ ಕೊರೆದು, ಗುಹೆಗಳ ಪಕ್ಕದ ತೊಟ್ಟಿಗಳಿಗೆ ಬಿಟ್ಟಿದ್ದಾರೆ. ನನಗೆ ಶಿಲ್ಪಗಳಿಗಿಂತ ಅದೇ ಇಷ್ಟವಾಯಿತು. ಇನ್ನು 11ನೇ ಗುಹೆಯನ್ನು ನಮ್ಮವರು ತಪ್ಪಿಸಲೇಬಾರದು. ಅಲ್ಲಿ ನಮ್ಮ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ, 9ನೇ ಶತಮಾನದ ಶಾಸನವಿದೆ. ಆಗ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಎಲ್ಲಿ, ಬೊರಿವಲಿ ಎಲ್ಲಿ, ಅಲ್ವಾ?

ಗೇಟಿನಲ್ಲಿ ಒಂದು ಟಿಕೆಟ್, ಗುಹೆಗಳಿಗೆ ಇನ್ನೊಂದು. ಸೋಮವಾರ ರಜೆ. ಮಳೆಗಾಲದಲ್ಲಿ ಕಣಿವೆ ಚೆಂದ, ಆದರೆ ಬಂಡೆ ಜಾರುತ್ತದೆ. ಹಳ್ಳಕ್ಕೆ ಇಳಿಯಬೇಡಿ. ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು.

ಹಾಗಾಗಿ ತಿಂದೇ ಹೋಗಿ. ಸ್ಟೇಷನ್ನಿನ ಪೂರ್ವದ ಕಡೆ, ಮುಖ್ಯ ರಸ್ತೆ ಬಿಟ್ಟು ಒಳಗಿನ ಗಲ್ಲಿಯಲ್ಲಿ ಒಂದು ಹಳೇ ಉಡುಪಿ ಹೋಟೆಲ್ ಸಿಕ್ಕಿತು. ಆರೇಳು ಟೇಬಲ್, ಎಸಿ ಇಲ್ಲ. ನಾವು ಕನ್ನಡ ಮಾತಾಡಿದ್ದು ಕೇಳಿ ಗಲ್ಲಾದಲ್ಲಿದ್ದ ಕುಂದಾಪುರದ ಹಿರಿಯರು, "ಎಲ್ಲಿಂದ ಬಂದದ್ದು ಮಾರಾಯ್ರೆ? ಬನ್ಸ್ ಬಿಸಿ ಉಂಟು" ಅಂದರು. ಒಳಗೆ ಮೆತ್ತಗೆ, ಬಾಳೆಹಣ್ಣಿನ ಸಿಹಿ, ನಡುವೆ ಸಿಗುವ ಜೀರಿಗೆ. ಚಟ್ನಿ ಎರಡನೇ ಸಲ ಕೇಳಿದರೆ ಮುಖ ಸಿಂಡರಿಸದೆ ಬಡಿಸಿದರು. ಇಡ್ಲಿ, ಬನ್ಸ್, ಕಾಫಿ ಎಲ್ಲ ಸೇರಿ ಇಬ್ಬರ ಬಿಲ್ಲು 200 ರೂಪಾಯಿ ದಾಟಲಿಲ್ಲ. ಮಸಾಲೆದೋಸೆ ಸಾಧಾರಣ. ಬನ್ಸ್ ಬೆಳಿಗ್ಗೆ ಮಾತ್ರ, ಒಂಬತ್ತರೊಳಗೆ ಖಾಲಿಯಂತೆ.